ಸ್ವಲ್ಪ ಸರ್ಕೊಳ್ಳಿ

ಇವತ್ತು ಭಾನುವಾರ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ನನ್ನ ಹೆಂಡತಿ ನನಗೆ "ಸ್ವಲ್ಪ ಸರ್ಕೊಳ್ಳಿ" ಅಂತ 23 ಸಲ ಹೇಳಿದ್ದಾಳೆ. ಅಂದಾಜಿಗೆ ಹೇಳುತ್ತಿಲ್ಲ. ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್ ತಂದಿದ್ದ ಕಾಕಿ ಕವರಿನ ಹಿಂಬದಿಯಲ್ಲಿ ನಾಲ್ಕು ನಿಂತ ಗೀಟು, ಅದರ ಮೇಲೊಂದು ಅಡ್ಡಗೀಟು, ಹೀಗೆ ಐದೈದರ ಕಟ್ಟು ಹಾಕಿ ಎಣಿಸಿದ್ದೇನೆ. ಗಣಿತದ ಮೇಷ್ಟ್ರು ಗೊಣಗಿದರೂ ದಾಖಲೆ ಇಟ್ಟುಕೊಂಡೇ ಗೊಣಗುತ್ತಾನೆ.

ಶುರುವಾದದ್ದು ಸಿಂಕಿನ ಹತ್ತಿರ. ನಮ್ಮಲ್ಲಿ ಮುಖ ತೊಳೆಯಲಿಕ್ಕೂ ಪಾತ್ರೆ ತೊಳೆಯಲಿಕ್ಕೂ ಒಂದೇ ಸಿಂಕು, ಅದು ಅಡುಗೆಮನೆಯಲ್ಲಿದೆ. ಬಚ್ಚಲಿನಲ್ಲಿ ಹಲ್ಲುಜ್ಜಬಹುದಲ್ಲ ಅಂತ ಕೇಳಬೇಡಿ, ಅಲ್ಲಿ ಬಟ್ಟೆ ನೆನೆಸಿದ ಬಕೆಟ್ಟು ಇರುತ್ತದೆ, ಭಾನುವಾರವಾದರೆ ಎರಡು. ಬಾಯಿ ತುಂಬ ನೊರೆ ಮಾಡಿಕೊಂಡು ನಾನು ನಿಂತಿದ್ದೆ. ಅವಳು ಹಾಲಿನ ಪಾತ್ರೆ ಹಿಡಿದುಕೊಂಡು ಬಂದಳು. ಸ್ವಲ್ಪ ಸರ್ಕೊಳ್ಳಿ. ಎಡಕ್ಕೆ ಸರಿದೆ. ಎಡಕ್ಕಿರುವುದು ಫ್ರಿಜ್ಜು, ಅವಳಿಗೆ ಆಮೇಲೆ ಬೇಕಾದದ್ದು ಅದೇ. ಸ್ವಲ್ಪ ಸರ್ಕೊಳ್ಳಿ. ಹಿಂದಕ್ಕೆ ಹೋದೆ. ಹಿಂದೆ ಕಾಫಿಪುಡಿ ಡಬ್ಬ ಇರುವ ಶೆಲ್ಫು. ಮೂರನೇ ಸಲ ಅವಳು ಬಾಯಲ್ಲಿ ಹೇಳುವುದಕ್ಕೆ ಮುಂಚೆಯೇ ನಾನು ಹೊರಗೆ ಹೋಗಿಬಿಟ್ಟೆ, ಆದರೂ ಅದನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ಮುಖದಲ್ಲಿ ಹೇಳಿದ್ದಳು.

ಈ ಎಣಿಕೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ಸ್ಕೂಲಿಗೆ ಹೊಸದಾಗಿ ಬಂದಿರುವ ವಿಜ್ಞಾನದ ಹುಡುಗನಿಗೆ ಮದುವೆ ಗೊತ್ತಾಗಿದೆ. ನಾಗೇಂದ್ರ ಬ್ಲಾಕಿನಲ್ಲಿ ಒಂದೇ ರೂಮಿನ ಮನೆ ನೋಡಿದ್ದಾನೆ. ಮೊನ್ನೆ ಸ್ಟಾಫ್ ರೂಮಿನಿಂದ ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿ, "ಸಾರ್, ಅಷ್ಟು ಚಿಕ್ಕ ಮನೇಲಿ ನೀವಿಬ್ರೂ ಆರಾಮಾಗಿ ಇದೀರಲ್ಲ, ಹೇಗೆ ಸಾರ್?" ಅಂತ ಕೇಳಿದ. ನಾವು ಆರಾಮಾಗಿದ್ದೇವೆ ಅಂತ ಅವನಿಗೆ ಹೇಳಿದವರು ಯಾರೋ. ಆದರೆ ಹೊಗಳಿಕೆ ಯಾರಿಗೆ ಬೇಡ ಹೇಳಿ? "ಅದಕ್ಕೊಂದು ಗುಟ್ಟಿದೆ ಮಾರಾಯ, ಭಾನುವಾರ ಕೂತು ಬರೆದು ಕೊಡ್ತೀನಿ" ಅಂದುಬಿಟ್ಟೆ. ಈಗ ಬರೆಯುತ್ತಿದ್ದೇನೆ. ಗುಟ್ಟು ಏನು ಅಂತ ಬರೆಯುತ್ತಾ ಬರೆಯುತ್ತಾ ನನಗೂ ಗೊತ್ತಾಗಬಹುದು.

ಮನೆ ಶ್ರೀನಗರದಲ್ಲಿ, 20×30 ಸೈಟಿನ ಎರಡನೇ ಮಹಡಿ. ಮೇಲೆ ಟೆರೇಸಿದೆ, ಟೆರೇಸಿಗೆ ಬೀಗ ಇದೆ, ಬೀಗದ ಕೈ ಓನರ್ ಹತ್ತಿರ ಇದೆ. ಮಗಳನ್ನು ಮೈಸೂರಿನ ಹಾಸ್ಟೆಲ್ಲಿಗೆ ಸೇರಿಸಿದ ವರ್ಷ ಎರಡು ರೂಮಿನ ಮನೆ ಬಿಟ್ಟು ಇಲ್ಲಿಗೆ ಬಂದೆವು. ಎರಡೂ ಕಡೆ ಬಾಡಿಗೆ ಕಟ್ಟುವ ಸಂಬಳ ಮೇಷ್ಟ್ರದ್ದಲ್ಲ. ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಳ್ಳುವಾಗ ಓನರ್ "ಮೂರು ಚದರ ಇದೆ ಮೇಷ್ಟ್ರೇ, ಇಬ್ಬರಿಗೆ ಧಾರಾಳ ಆಯ್ತು" ಅಂದಿದ್ದರು. ಒಂದು ಚದರ ಅಂದರೆ ನೂರು ಚದರಡಿ ಅಂತ ಯಾರಿಗೆ ಗೊತ್ತಿಲ್ಲ. ಸಾಮಾನು ಇಳಿಸಿದ ರಾತ್ರಿ ನಾನು ಟೇಪು ಹಿಡಿದೆ. ಹಾಲ್ 10×12. ಅಡುಗೆಮನೆ 6×8. ಬಚ್ಚಲು 4×6. ಕೂಡಿದರೆ 192. ಮಾರನೇ ದಿನ ಕೆಳಗೆ ಹೋಗಿ, "ಮಿಕ್ಕ 108 ಎಲ್ಲಿ ಸಾರ್?" ಅಂತ ಮರ್ಯಾದೆಯಿಂದಲೇ ಕೇಳಿದೆ. "ಗೋಡೆ ಇಲ್ದೆ ಮನೆ ನಿಲ್ಲುತ್ತಾ ಮೇಷ್ಟ್ರೇ? ಮೆಟ್ಟಿಲು ಹತ್ತದೇನೇ ಒಳಗೆ ಬರ್ತೀರಾ?" ಅಂದರು. ಫ್ಲ್ಯಾಟ್ ಮಾರುವವರು 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟು ಅಂತ ಬಾಯಿಬಿಟ್ಟು ಹೇಳಲೇಬೇಕು. ಬಾಡಿಗೆಗೆ ಕೊಡುವವರ ಬಾಯಿಗೆ ಟೇಪು ಹಿಡಿಯುವವರು ಯಾರೂ ಇಲ್ಲ.

ಆ 10×12ರಲ್ಲಿ ಮಂಚ, ಬೀರು, ಟಿವಿ, ಅವಳ ಹೊಲಿಗೆ ಮಿಷನ್ನು, ನನ್ನ ಕುರ್ಚಿ. ಹೊಲಿಗೆ ಮಿಷನ್ನಿಗೆ ಕಿಟಕಿ ಪಕ್ಕದ ಜಾಗ. ಮನೆಯಲ್ಲಿ ಬೆಳಕು ಬರುವುದು ಅಲ್ಲೊಂದೇ ಕಡೆ, ದುಡ್ಡು ಬರುವುದೂ ಮುಕ್ಕಾಲು ಪಾಲು ಅಲ್ಲಿಂದಲೇ. ಗೌರಿಹಬ್ಬದ ಹಿಂದಿನ ವಾರ ಇಡೀ ಬಡಾವಣೆಯ ಬ್ಲೌಸುಗಳು ನಮ್ಮ ಮಂಚದ ಮೇಲೆ ಮಲಗುತ್ತವೆ, ನಾವು ಅವುಗಳ ಅಂಚಿನಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾನು ಹಾಸಿಗೆ ಇದ್ದಷ್ಟೇ ಚಾಚಿದರೂ ಹೆಬ್ಬೆರಳು ಮಿಷನ್ನಿನ ಪೆಡಲ್ಲಿಗೆ ತಾಗುತ್ತದೆ.

ಇಂಥ ಹೊತ್ತಲ್ಲೇ ಜನ "ಮನಸ್ಸು ದೊಡ್ಡದಿದ್ದರೆ ಸಾಕು, ಮನೆ ಚಿಕ್ಕದಾದರೇನು" ಅಂತ ಹೇಳುತ್ತಾರೆ. ಈ ಮಾತು ಹೇಳಿದ ಒಬ್ಬರೂ ಒಂದು ರೂಮಿನಲ್ಲಿ ಇದ್ದದ್ದನ್ನು ನಾನು ಕಂಡಿಲ್ಲ. ನನ್ನ ಷಡ್ಡಕ ಪ್ರತಿ ಸಲ ಬಂದಾಗಲೂ ಹೇಳುತ್ತಾನೆ. ಅವನದು 40×60ರಲ್ಲಿ ಡ್ಯೂಪ್ಲೆಕ್ಸು. ಅಲ್ಲಿ ಗಂಡ ಹೆಂಡತಿ ಊಟಕ್ಕೆ ಕರೆಯುವುದಕ್ಕೂ ವಾಟ್ಸಾಪಿನಲ್ಲಿ ಮೆಸೇಜು ಹಾಕುತ್ತಾರೆ. ಅವನು ನಮ್ಮ ಮನೆಯ ಬಾಗಿಲಲ್ಲೇ ನಿಂತು, ಒಳಗೆ ಪೂರ್ತಿ ಕಣ್ಣಾಡಿಸಿ (ಅದಕ್ಕೆ ಕತ್ತು ತಿರುಗಿಸಬೇಕಾದ ಅಗತ್ಯವೂ ಬೀಳುವುದಿಲ್ಲ), "ಎಷ್ಟು ಕೋಜಿಯಾಗಿದೆ" ಅನ್ನುತ್ತಾನೆ. ಇನ್ನು ಮೊಬೈಲಿನಲ್ಲಿ ಕಡಿಮೆ ಸಾಮಾನಿನಲ್ಲಿ ಬದುಕುವುದು ಹೇಗೆ ಅಂತ ಪಾಠ ಹೇಳುವವರಿದ್ದಾರಲ್ಲ, ಬಿಳಿ ಗೋಡೆ, ಒಂದು ಗಿಡ, ಒಂದು ಲೋಟ. ಅವರ ಅಕ್ಕಿಮೂಟೆ ಎಲ್ಲಿದೆ ಅಂತ ನನಗೆ ಕೇಳಬೇಕು.

ನಮ್ಮ ಡ್ರಾಯಿಂಗ್ ಮೇಷ್ಟ್ರು ಮಾತ್ರ ಸಮಾಧಾನಕ್ಕೆ ಒಂದು ಒಳ್ಳೆಯ ಉದಾಹರಣೆ ಕೊಟ್ಟರು. ಚಂಡೀಗಢದ ನಕ್ಷೆ ಮಾಡಿದ ಲೆ ಕಾರ್ಬೂಸಿಯೆ ಇದ್ದನಲ್ಲ, ಆ ಮನುಷ್ಯ ಅದೇ ಕಾಲದಲ್ಲಿ, 1952ರಲ್ಲಿ, ಫ್ರಾನ್ಸಿನ ಸಮುದ್ರದ ದಡದಲ್ಲಿ ತನಗೂ ಹೆಂಡತಿ ಇವೊನ್‌ಗೂ ಅಂತ ಒಂದು ಮರದ ಗೂಡು ಕಟ್ಟಿಕೊಂಡನಂತೆ. ಉದ್ದ 3.66 ಮೀಟರು, ಅಗಲ 3.66 ಮೀಟರು, ಅಂದರೆ ಹನ್ನೆರಡಡಿಗೆ ಹನ್ನೆರಡಡಿ. 2016ರಲ್ಲಿ ಯುನೆಸ್ಕೋದವರು ಚಂಡೀಗಢದ ಕ್ಯಾಪಿಟಲ್ ಕಟ್ಟಡಗಳನ್ನೂ ಈ ಗೂಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ವಿಶ್ವ ಪರಂಪರೆಯ ತಾಣ ಅಂದರು. 144 ಚದರಡಿ! ನಾವು ಅವನಿಗಿಂತ 48 ಚದರಡಿ ಶ್ರೀಮಂತರು. ಮನೆಗೆ ಬಂದು ಹೆಂಡತಿಗೆ ಇದನ್ನು ಸಂಭ್ರಮದಿಂದ ಹೇಳಿದೆ. ಅವಳು ಗುಂಡಿಗೆ ದಾರ ಪೋಣಿಸುತ್ತಾ ಕೇಳಿದ ಮೊದಲ ಪ್ರಶ್ನೆ, "ಅಡುಗೆಮನೆ ಯಾವ ಮೂಲೇಲಿತ್ತಂತೆ?" ವಿಚಾರಿಸಿದೆ. ಅಡುಗೆಮನೆಯೇ ಇರಲಿಲ್ಲ. ಪಕ್ಕದಲ್ಲಿ ಹೋಟೆಲಿತ್ತು, ಅದಕ್ಕೆ ಗೂಡಿನಿಂದಲೇ ಬಾಗಿಲು, ಊಟ ಅಲ್ಲಿ. ಅಷ್ಟೇ ಅಲ್ಲ, ಎರಡು ವರ್ಷ ಕಳೆಯುವುದರೊಳಗೆ ಅವನು ಹತ್ತು ಹೆಜ್ಜೆ ಆಚೆ ಇನ್ನೊಂದು ಪುಟ್ಟ ಶೆಡ್ಡು ಹಾಕಿಸಿಕೊಂಡು ಹಗಲು ಹೊತ್ತು ಅಲ್ಲಿ ಹೋಗಿ ಕೂತು ಕೆಲಸ ಮಾಡುತ್ತಿದ್ದನಂತೆ. "ಹಾಗಾದ್ರೆ ಅದು ಮನೆ ಅಲ್ಲ, ಲಾಡ್ಜು" ಅಂದಳು. ಯುನೆಸ್ಕೋದವರು ಇವಳನ್ನು ಒಂದು ಮಾತು ಕೇಳಬಹುದಿತ್ತು.

ನನಗೆ ಆ ಹತ್ತು ಹೆಜ್ಜೆ ಆಚೆಯ ಶೆಡ್ಡು ಇಲ್ಲ. ನನಗಿರುವುದು ಕೊತ್ತಂಬರಿ ಸೊಪ್ಪು.

ಬಿಡಿಸಿ ಹೇಳುತ್ತೇನೆ. ಅವಳಿಗೆ ಮಂಡ್ಯದಲ್ಲಿರುವ ತಂಗಿಯ ಜೊತೆ ಮನಸ್ಸು ಬಿಚ್ಚಿ ಮಾತಾಡಬೇಕಾಗುತ್ತದೆ. ಮನಸ್ಸು ಬಿಚ್ಚುವುದು ಅಂದರೆ ಸುಮಾರಾಗಿ ನನ್ನ ವಿಷಯ. ನಾನು ಮಂಚದ ಮೇಲೆ ಕೂತಿದ್ದರೆ ಅದು ಹೇಗೆ ಆಗುತ್ತದೆ? ಮೊದಮೊದಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು, ಅಲ್ಲಿ ದನಿ ಗುಯ್ಯೆಂದು ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು. ಈಗ, "ರೀ, ಒಂದು ಕಟ್ಟು ಕೊತ್ತಂಬರಿ ತಂದುಬಿಡಿ" ಅನ್ನುತ್ತಾಳೆ. ಫ್ರಿಜ್ಜಿನಲ್ಲಿ ನಿನ್ನೆಯ ಕೊತ್ತಂಬರಿ ಇರುವುದು ನನಗೆ ಗೊತ್ತು. ನನಗೆ ಗೊತ್ತು ಅನ್ನುವುದು ಅವಳಿಗೂ ಗೊತ್ತು. ನಾನು ಚೀಲ ತಗೊಂಡು ಹೊರಡುತ್ತೇನೆ, ರಾಮಾಂಜನೇಯ ಗುಡ್ಡದ ಕಡೆ ಒಂದು ಸುತ್ತು ಹಾಕಿ ಮುಕ್ಕಾಲು ಗಂಟೆ ಬಿಟ್ಟು ಬರುತ್ತೇನೆ. ಬರುವಾಗ ಕೊತ್ತಂಬರಿ ತರಲೇಬೇಕು, ಅದು ನಿಯಮ. ಹಾಗಾಗಿ ನಮ್ಮ ಮನೆಯ ಸಾರಿನಲ್ಲಿ ಕೊತ್ತಂಬರಿ ಎಷ್ಟಿದೆ ಅಂತ ನೋಡಿದರೆ ಆ ವಾರ ನಾನು ಎಷ್ಟು ತಪ್ಪು ಮಾಡಿದ್ದೆ ಅಂತ ಹೇಳಬಹುದು. ಕೆಲವು ವಾರ ಚಟ್ನಿಯೂ ಆಗಿದೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ದೊಡ್ಡ ಹಂಚಿನ ಮನೆಯಲ್ಲಿ. ಜಗಲಿ, ನಡುಮನೆ, ಮೆತ್ತು, ಕೊಟ್ಟಿಗೆ, ಅಡಿಕೆ ಒಣಗಿಸುವ ಅಂಗಳ, ಎಲ್ಲ ಸೇರಿದರೆ ಎಷ್ಟು ಚದರ ಆಗುತ್ತದೋ ಯಾರೂ ಅಳೆದಿರಲಿಲ್ಲ. ಅಲ್ಲಿ ನಮ್ಮಜ್ಜ ಜಗಲಿಯಲ್ಲಿ, ಅಜ್ಜಿ ಒಳಗೆ. "ಕಾಫಿ ಆಗಿದೆ ಅಂತ ನಿನ್ನಜ್ಜಂಗೆ ಹೇಳು" ಅಂತ ಅಜ್ಜಿ ನನ್ನನ್ನು ಅಟ್ಟುತ್ತಿದ್ದಳು. "ಈಗ ಬೇಡಂತೆ ಅಂತ ಹೇಳು" ಅಂತ ಅಜ್ಜ ವಾಪಸ್ ಅಟ್ಟುತ್ತಿದ್ದ. ಅವರಿಬ್ಬರೂ ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಇದರಿಂದ ಏನೋ ಒಂದು ಅರ್ಥ ಹೊರಡಿಸಬಹುದು ಅಂತ ಅನ್ನಿಸುತ್ತಿದೆ, ಆದರೆ ಆ ಮನೆಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಸಿಗದೆ ಓಡಾಡಬಹುದಿತ್ತು ಅನ್ನುವುದನ್ನು ನೆನೆಸಿಕೊಂಡರೆ ಅರ್ಥಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ ಬರುತ್ತದೆ.

ಇಲ್ಲಿ ಮಾತು ಬಿಡುವ ಅನುಕೂಲವೂ ಇಲ್ಲ. ಹೋದ ವರ್ಷ ಒಂದು ಸಲ ಮೂರು ದಿನ ಬಿಟ್ಟಿದ್ದೆವು, ಕಾರಣ ಈಗ ನೆನಪಿಲ್ಲ, ಅವಳಿಗೆ ಇದೆ. ಆದರೆ ಮಾತು ಬಿಟ್ಟ ಹೆಂಗಸು ಒಗ್ಗರಣೆ ಸೌಟು ಹಿಡಿದುಕೊಂಡು ಬರುವಾಗ ದಾರಿಯಲ್ಲಿ ನಾನು ನಿಂತಿದ್ದರೆ ಏನು ಮಾಡಬೇಕು? ಮಿಕ್ಕಿದ್ದೆಲ್ಲ ನಿಂತರೂ "ಸರ್ಕೊಳ್ಳಿ" ನಿಲ್ಲಲಿಲ್ಲ. "ಸ್ವಲ್ಪ" ಮಾತ್ರ ಬಿದ್ದುಹೋಗಿತ್ತು. ಮೂರನೇ ದಿನ ಸಂಜೆ, ನಾನು ಬೀರು ಮುಂದೆ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ "ಸ್ವಲ್ಪ ಸರ್ಕೊಳ್ಳಿ" ಅಂತ ಕೇಳಿಸಿತು. ಸರಿಯುವುದು ಬಿಟ್ಟು ತಿರುಗಿ ನೋಡಿದೆ. "ಸರ್ಕೊಳ್ಳೀಂದ್ರೆ ನಗ್ತೀರಲ್ಲ, ಏನಾಯ್ತು?" ಅಂದಳು.

ಹುಡುಗನಿಗೆ ಬರೆದು ಕೊಡುವುದು ಇದನ್ನೇ ಇರಬೇಕು ಅಂತ ಅಂದುಕೊಂಡೆ. ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ, ಹನ್ನೊಂದು ಹೊಡೆದಿತ್ತು, ಅವಳು "ರೀ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆ?" ಅಂದಳು. ಆಮೇಲೆ ಆದದ್ದನ್ನು ಬರೆಯದೆ ನನಗೆ ಬೇರೆ ಏನೂ ಬರೆಯಲಿಕ್ಕಾಗುವುದಿಲ್ಲ.

ಆಧಾರಿನಲ್ಲಿ ಅವಳ ಹುಟ್ಟಿದ ತಾರೀಕು ತಪ್ಪಾಗಿದೆ. ತಿದ್ದಿಸಬೇಕಾದರೆ ಮಾರ್ಕ್ಸ್ ಕಾರ್ಡ್ ತೋರಿಸಬೇಕು. ಮಾರ್ಕ್ಸ್ ಕಾರ್ಡ್ ಇರುವುದು ಫೈಲಿನಲ್ಲಿ. ಫೈಲು ಏರ್‌ಬ್ಯಾಗಿನಲ್ಲಿ. ಏರ್‌ಬ್ಯಾಗು ಮಗಳ ಹಳೇ ಟ್ರಾಲಿಯಲ್ಲಿ. ಟ್ರಾಲಿ ನಮ್ಮ ಮದುವೆ ಕಾಲದ ನೀಲಿ ಸೂಟ್‌ಕೇಸಿನಲ್ಲಿ. ನೀಲಿ ಸೂಟ್‌ಕೇಸು ಸಜ್ಜಾದ ಮೇಲೆ, ತೀರಾ ಹಿಂದೆ. ಚಿಕ್ಕ ಮನೆಯವರು ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡುತ್ತಾರೆ, ಬೇರೆ ದಾರಿ ಇಲ್ಲ. ಸಜ್ಜಾ ಇರುವುದು ಮಂಚದ ತಲೆದೆಸೆಯ ಮೇಲೆ. ಸ್ಟೂಲು ಹತ್ತಿ ತೆಗೆಯಬಹುದಿತ್ತು, ಆದರೆ ಸ್ಟೂಲು ಹತ್ತಿ ಬಿದ್ದ ಇತಿಹಾಸ ನನಗಿದೆ. ಆದ್ದರಿಂದ ಏಣಿ. ಏಣಿ ಓನರದ್ದು.

ಇಲ್ಲಿ ಒಂದು ಆಟದ ವಿಷಯ ಹೇಳಬೇಕು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ನನಗೆ ಅಪ್ಪ ಒಂದು ಪ್ಲಾಸ್ಟಿಕ್ ಆಟ ಕೊಡಿಸಿದ್ದರು, ಅಂಗೈಯಗಲದ್ದು. 16 ಮನೆ, 15 ಬಿಲ್ಲೆ, ಒಂದು ಮನೆ ಖಾಲಿ. ಬಿಲ್ಲೆ ಎತ್ತುವ ಹಾಗಿಲ್ಲ, ಖಾಲಿ ಮನೆಯ ಕಡೆಗೆ ಸರಿಸಿ ಸರಿಸಿ 1ರಿಂದ 15ರವರೆಗೆ ಸಾಲಾಗಿ ತರಬೇಕು. ಇದನ್ನು ಕಂಡುಹಿಡಿದದ್ದು ಅಮೆರಿಕದ ಕ್ಯಾನಸ್ಟೋಟ ಅನ್ನುವ ಸಣ್ಣ ಊರಿನ ಪೋಸ್ಟ್‌ಮಾಸ್ಟರು, ನೋಯ್ಸ್ ಚಾಪ್‌ಮನ್ ಅಂತ. 1880ರಲ್ಲಿ ಅಮೆರಿಕ, ಯೂರೋಪಿನ ಜನ ಹುಚ್ಚು ಹಿಡಿದವರ ಹಾಗೆ ಆಡಿದರಂತೆ. ಆಮೇಲೆ ಸ್ಯಾಮ್ ಲಾಯ್ಡ್ ಅನ್ನುವ ಜಾಣ, ಇದು ನಾನೇ ಕಂಡುಹಿಡಿದದ್ದು ಅಂತ ಹೇಳಿಕೊಂಡು, ಎಲ್ಲ ಸರಿಯಾಗಿದ್ದು 14 ಮತ್ತು 15 ಮಾತ್ರ ಅದಲುಬದಲಾಗಿರುವ ಆಟವನ್ನು ಸರಿ ಮಾಡಿದವರಿಗೆ 1000 ಡಾಲರ್ ಬಹುಮಾನ ಅಂದ. ಅದು ಆಗುವ ಕೆಲಸವಲ್ಲ. 1879ರಲ್ಲೇ ಇಬ್ಬರು ಗಣಿತಜ್ಞರು ತೋರಿಸಿಬಿಟ್ಟಿದ್ದರು, ಬಿಲ್ಲೆಗಳನ್ನು ಎಷ್ಟು ಥರ ಜೋಡಿಸಬಹುದೋ ಅದರಲ್ಲಿ ಸರಿಯಾಗಿ ಅರ್ಧದಷ್ಟು, ನೀವು ಜನ್ಮವಿಡೀ ಸರಿಸಿದರೂ ಸರಿಹೋಗುವುದಿಲ್ಲ ಅಂತ. ಇನ್ನರ್ಧ ಎಷ್ಟೇ ಕೆಟ್ಟದಾಗಿ ಕಲಸಿಹೋಗಿದ್ದರೂ 80 ಸಲ ಸರಿಸುವುದರೊಳಗೆ ಸರಿಹೋಗುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಾರೆ. ಮೇಲೆ ನೋಡಿದರೆ ನಿಮ್ಮದು ಯಾವ ಅರ್ಧದ್ದು ಅಂತ ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗ ಅವರು ಆಕಳಿಸುತ್ತಾರೆ. ಅವರಿಗೆ ಇನ್ನೂ ಮನೆ ಬಾಡಿಗೆಗೆ ಹಿಡಿಯುವ ವಯಸ್ಸಾಗಿಲ್ಲ.

ನಮ್ಮ ಮನೆ ಆ ಆಟವೇ. ಖಾಲಿ ಜಾಗ ಒಂದೇ ಒಂದು, ಬಾಗಿಲಿಂದ ಮಂಚದವರೆಗಿನ ಓಣಿ. ದೊಡ್ಡ ಕೆಲಸ ಏನಾದರೂ ಆಗಬೇಕಿದ್ದರೆ ಇಬ್ಬರಲ್ಲಿ ಒಬ್ಬರು ಮೆಟ್ಟಿಲ ಮೇಲೆ ಹೋಗಿ ನಿಂತು ಇನ್ನೊಂದು ಖಾಲಿ ಮನೆ ಮಾಡಿಕೊಡಬೇಕು. ಮಗಳು ರಜಕ್ಕೆ ಬಂದಾಗ ನಾನು ಮೆಟ್ಟಿಲ ಮೇಲೇ ಕಾಫಿ ಕುಡಿಯುತ್ತೇನೆ.

ಏಣಿ ಹಾಕಬೇಕಾದರೆ ಮಂಚ ಎಬ್ಬಿಸಿ ಗೋಡೆಗೆ ಒರಗಿಸಬೇಕು. ಮಂಚ ಎಬ್ಬಿಸಬೇಕಾದರೆ ಕೆಳಗಿನದೆಲ್ಲ ಹೊರಗೆ ಬರಬೇಕು. 25 ಕಿಲೋ ಅಕ್ಕಿಮೂಟೆ, ದಸರಾ ಗೊಂಬೆಗಳ ಎರಡು ಪೆಟ್ಟಿಗೆ, ಬ್ಲೌಸ್ ಪೀಸುಗಳ ಗಂಟು, ಮಗಳ ಪಿಯುಸಿ ಪುಸ್ತಕ, ತಿರುಗದ ಟೇಬಲ್ ಫ್ಯಾನು. ಈ ಫ್ಯಾನಿನ ವಿಷಯಕ್ಕೆ ಅಲ್ಲೇ ಒಂದು ಚರ್ಚೆ ಆಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ನಾನು ಕೊಟ್ಟುಬಿಡೋಣ ಅಂದೆ, ಅವಳು ರಿಪೇರಿ ಮಾಡಿಸೋಣ ಅಂದಳು, ಫ್ಯಾನು ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತು. ಗೊಂಬೆ ಪೆಟ್ಟಿಗೆ ಅಡುಗೆ ಕಟ್ಟೆ ಮೇಲೆ ಹೋದವು, ಪಟ್ಟದ ರಾಜ ರಾಣಿಯರು ಗ್ಯಾಸ್ ಒಲೆ ಪಕ್ಕ. ಅಕ್ಕಿ ಮೆಟ್ಟಿಲಿಗೆ. ಹೊಲಿಗೆ ಮಿಷನ್ನು ಬಚ್ಚಲ ಬಾಗಿಲಿಗೆ ಅಡ್ಡ. ಈ ಹೊತ್ತಿಗೆ ಕವರಿನ ಮೇಲೆ 41 ಆಗಿತ್ತು, ಅದರಲ್ಲಿ ನಾನು ಅವಳಿಗೆ ಹೇಳಿದ್ದು ಸೇರಿಲ್ಲ. ಅದಕ್ಕೆ ಬೇರೆ ಕವರು ಬೇಕು.

ಏಣಿಗೆ ಕೆಳಗೆ ಹೋದೆ. "ಏಣಿ ಯಾತಕ್ಕೆ?" ಅಂದರು. "ಮೊಳೆ ಹೊಡೀತೀರಾ?" ಅಂದರು. "ಮೊಳೆ ಹೊಡೀಬಾರದು ಅಂತ ಅಗ್ರಿಮೆಂಟಲ್ಲಿ ಇದೆ" ಅಂದರು. ನನ್ನ ಹೆಂಡತಿಯ ಜನ್ಮದಿನಾಂಕದ ಪೂರ್ತಿ ಕಥೆ ಹೇಳಿದ ಮೇಲೆ ಏಣಿ ಸಿಕ್ಕಿತು. ಕಬ್ಬಿಣದ್ದು, ಎಂಟಡಿ. ನಮ್ಮ ಮೆಟ್ಟಿಲ ತಿರುವಿನಲ್ಲಿ ಅದನ್ನು ಒಂದೇ ಒಂದು ಕೋನದಲ್ಲಿ ತಿರುಗಿಸಬಹುದು, ಆ ಕೋನ ಸಿಗುವವರೆಗೆ ಮೊದಲನೇ ಮಹಡಿಯವರ ಚಪ್ಪಲಿ ಸ್ಟ್ಯಾಂಡಿಗೆ ಎರಡು ಸಲ, ನನ್ನ ಮೊಣಕಾಲಿಗೆ ಒಂದು ಸಲ ಬಡಿಯಿತು.

ಸೂಟ್‌ಕೇಸು ಇಳಿಯಿತು. ನಂಬರ್ ಲಾಕು. ಮೂರು ಚಕ್ರ, 000ಯಿಂದ 999, ಸಾವಿರ ಸಾಧ್ಯತೆ. ನಾನು ಸಾಲಾಗಿ ಶುರು ಮಾಡೋಣ ಅಂತ ಕನ್ನಡಕ ಹಾಕಿಕೊಂಡೆ. "ಮದುವೆ ತಾರೀಕು ಇರಬೇಕು, ಹಾಕಿ ನೋಡಿ" ಅಂದಳು. ಹಾಕಿದೆ. ತೆಗೆಯಲಿಲ್ಲ. ನಾನು ಹಾಕಿದ್ದೇನು ಅಂತ ಅವಳು ಬಗ್ಗಿ ನೋಡಿದಳು. ಏನೂ ಹೇಳಲಿಲ್ಲ, ಆದರೆ ಈ ವಾರ ಕೊತ್ತಂಬರಿ ಎರಡು ಕಟ್ಟು ಬೇಕಾಗುತ್ತದೆ ಅಂತ ನನಗೆ ಗೊತ್ತಾಯಿತು. ಅವಳು ಸರಿಯಾದ ತಾರೀಕು ಹಾಕಿದಳು, ಅದಕ್ಕೂ ತೆಗೆಯಲಿಲ್ಲ, ಅದು ನನ್ನ ಪುಣ್ಯ. ಕೊನೆಗೆ 000ಕ್ಕೆ ತೆಗೆದುಕೊಂಡಿತು. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ, ನಾವು ನಂಬರು ಹಾಕಿಯೇ ಇರಲಿಲ್ಲ.

ಟ್ರಾಲಿ ತೆಗೆದೆವು, ಅದರೊಳಗಿನ ಏರ್‌ಬ್ಯಾಗು ತೆಗೆದೆವು, ಫೈಲು ಸಿಕ್ಕಿತು. ಫೈಲಿನಲ್ಲಿ ಮಾರ್ಕ್ಸ್ ಕಾರ್ಡೂ ಸಿಕ್ಕಿತು, ಜೆರಾಕ್ಸು. ಎರಡು ಪ್ರತಿ. ಎರಡಕ್ಕೂ ಗೆಜೆಟೆಡ್ ಆಫೀಸರು ಹಸಿರು ಇಂಕಿನಲ್ಲಿ ಸಹಿ ಹಾಕಿದ್ದರು. ನೆಲದ ಮೇಲೆ ಕೂತು ನಾವಿಬ್ಬರೂ ಅದನ್ನೇ ನೋಡಿದೆವು. ಗಣಿತಕ್ಕೆ ಅವಳಿಗೆ ನೂರಕ್ಕೆ 91 ಬಂದಿದೆ, ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅವಳು ಮಂಡ್ಯಕ್ಕೆ ಫೋನು ಮಾಡಿದಳು. ಒರಿಜಿನಲ್ಲು ಅತ್ತೆಯ ಟ್ರಂಕಿನಲ್ಲಿದೆ, ಮೊದಲಿಂದಲೂ ಅಲ್ಲೇ ಇದೆ, ಅಲ್ಲೇ ಭದ್ರ ಅಂತ ಅವಳೇ ಇಟ್ಟು ಬಂದಿದ್ದಳಂತೆ. ನಾನು ಏನೂ ಅನ್ನಲಿಲ್ಲ. ತಾರೀಕಿಗೂ ಟ್ರಂಕಿಗೂ ವಜಾ ಆಯಿತು.

ಮಧ್ಯಾಹ್ನ ಎರಡೂವರೆಗೆ ಎಲ್ಲ ವಾಪಸ್ ಇಡಲು ಶುರು ಮಾಡಿದೆವು, ಊಟ ಆಗಿರಲಿಲ್ಲ, ಇಬ್ಬರಿಗೂ ತಲೆ ಸಿಡಿಯುತ್ತಿತ್ತು, ಬೇಗ ಬೇಗ ಮುಗಿಸೋಣ ಅಂತ ಏಣಿಯನ್ನು ಸದ್ಯಕ್ಕೆ ಅಂತ ಹಿಂದಿನ ಗೋಡೆಗೆ ಒರಗಿಸಿ ಮಂಚ ಇಳಿಸಿದೆವು, ಗೊಂಬೆ, ಗಂಟು, ಪುಸ್ತಕ, ಫ್ಯಾನು, ಅಕ್ಕಿ ಒಳಗೆ ತಳ್ಳಿದೆವು, ಮಿಷನ್ನನ್ನು ಕಿಟಕಿಗೆ ತಂದೆವು. ನೀಲಿ ಸೂಟ್‌ಕೇಸು ಮಾತ್ರ ಬಾಗಿಲ ಬಳಿ ನಿಂತಿತ್ತು. ಅದನ್ನು ಮೇಲೆ ಇಡಬೇಕಾದರೆ ಏಣಿ ಬೇಕು. ಏಣಿ ಮಂಚದ ಹಿಂದಿದೆ. ಮಂಚದ ಮೇಲಿಂದ ಎಳೆಯೋಣ ಅಂದರೆ ಓರೆ ಮಾಡಿದ ಕೂಡಲೇ ಸೀಲಿಂಗ್ ಫ್ಯಾನಿಗೆ ಹೊಡೆಯುತ್ತದೆ, ಇನ್ನೊಂದು ಪಕ್ಕಕ್ಕೆ ಬೀರು. ಅವಳು ಏಣಿಯನ್ನೇ ನೋಡುತ್ತಾ ನಿಂತಳು. ನಾನು 14, 15ರ ವಿಷಯ ಹೇಳಲಿಕ್ಕೆ ಹೊರಟೆ. "ಈಗ ಪಾಠ ಬೇಡ" ಅಂದಳು.

ಅನ್ನ, ಬೆಳಿಗ್ಗೆಯ ಹುಳಿ ಮಂಚದ ಮೇಲೇ ಕೂತು ಉಂಡೆವು. ಅವಳು ಮಲಗಿದ್ದಾಳೆ. ನಾನು ನೀಲಿ ಸೂಟ್‌ಕೇಸನ್ನು ಮೆಟ್ಟಿಲ ಮೇಲಕ್ಕೆ ತಂದು ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಕೂರಲಿಕ್ಕೆ ಚೆನ್ನಾಗಿದೆ, ಇದನ್ನು ಇಲ್ಲೇ ಬಿಟ್ಟರೆ ನನಗೂ ಒಂದು ಶೆಡ್ಡು ಆದ ಹಾಗೆ. ಒಟ್ಟು ಲೆಕ್ಕ 61ಕ್ಕೆ ನಿಂತಿದೆ. ಎಂಬತ್ತಕ್ಕೆ ಇನ್ನೂ 19 ಬಾಕಿ ಇದೆ, ಹಾಗಾಗಿ ನಮ್ಮದು ಆಗದ ಅರ್ಧಕ್ಕೆ ಸೇರಿದ್ದು ಅಂತ ಈಗಲೇ ಹೇಳಲಾಗುವುದಿಲ್ಲ. ಹುಡುಗನಿಗೆ ನಾಳೆ ಏನು ಹೇಳುವುದೋ ನೋಡಬೇಕು. ನಂಬರ್ ಲಾಕಿಗೆ ಮದುವೆ ತಾರೀಕು ಇಡಬೇಡ ಅಂತ ಅಂತೂ ಹೇಳುತ್ತೇನೆ.

ಕೆಳಗಿನಿಂದ ಚಪ್ಪಲಿ ಸದ್ದು ಬರುತ್ತಿದೆ. ಓನರು.

"ಮೇಷ್ಟ್ರೇ, ಏಣಿ?"

"ಒಳಗಿದೆ ಸಾರ್."

"ಕೆಲಸ ಆಯ್ತಲ್ಲ? ಕೊಡಿ ಮತ್ತೆ."

"ಅದು... ನಾಳೆ ಕೊಟ್ಟರೆ ಆಗುತ್ತಾ ಸಾರ್?"

ಅವರು ನನ್ನನ್ನು ನೋಡಿದರು, ನಾನು ಕೂತಿದ್ದ ಸೂಟ್‌ಕೇಸನ್ನು ನೋಡಿದರು, ಮೊಳೆ ಹೊಡೆದಿದ್ದಾನೆ ಅಂತ ತೀರ್ಮಾನಕ್ಕೆ ಬಂದವರ ಹಾಗೆ ಬಾಗಿಲ ಕಡೆ ಕತ್ತು ಚಾಚಿದರು. ನಾನೂ ಸೂಟ್‌ಕೇಸೂ ಸೇರಿದರೆ ಮೆಟ್ಟಿಲ ಅಗಲ ಪೂರ್ತಿ ಮುಗಿಯುತ್ತದೆ.

"ಸ್ವಲ್ಪ ಸರ್ಕೊಳ್ಳಿ ಮೇಷ್ಟ್ರೇ" ಅಂದರು.

ಇದನ್ನು ಲೆಕ್ಕಕ್ಕೆ ಸೇರಿಸುವುದೋ ಬಿಡುವುದೋ, ಅವಳು ಎದ್ದ ಮೇಲೆ ಕೇಳಬೇಕು. ಗಣಿತದಲ್ಲಿ 91 ತೆಗೆದವಳು.